ಸಿಟ್ಟು ಒಬ್ಬರದು, ದೂರು ಇನ್ನೊಬ್ಬರದು

ಧಾರವಾಡ ಜಿಲ್ಲೆಯ ಮಲೆನಾಡಿನ ಸೆರಗಿನಲ್ಲಿರುವ ಅಳ್ನಾವರದಿಂದ ಹಿಡಿದು ನವಲಗುಂದದ ಎರಿ ನೆಲದವರೆಗೆ, ಮಾತುಮಾತಿಗೆ ರೇಗುವವನನ್ನು, ಕೈಗೆ ಸಿಕ್ಕಿದ್ದನ್ನು ಎಸೆಯುವವನನ್ನು ಕುರಿತು ಒಂದು ಮಾತು ಚಾಲ್ತಿಯಲ್ಲಿದೆ: 'ಇವನ್ನ ಧಾರವಾಡಕ್ಕ ಕಳಸಬೇಕು.' ಪೇಢೆಗೆ, ಸಂಗೀತಕ್ಕೆ, ಸಾಹಿತ್ಯಕ್ಕೆ ಹೆಸರಾದ ಊರು ಈ ಒಂದು ವಾಕ್ಯದಲ್ಲಿ ಬರೀ ಹುಚ್ಚರ ದವಾಖಾನೆಯಾಗಿ ಕುಗ್ಗುತ್ತದೆ. ಕೇಳಿದವರು ಯಾರೂ 'ಧಾರವಾಡದಾಗ ಎಲ್ಲಿಗೆ?' ಎಂದು ಕೇಳುವುದಿಲ್ಲ. ಚೇಷ್ಟೆಯ ಮಾತೇ ಸರಿ. ಆದರೆ ಅದರ ಕ್ರಿಯಾಪದ ಚೇಷ್ಟೆಯದಲ್ಲ. ಅದು 'ಕಳಿಸು', 'ಹೋಗು' ಅಲ್ಲ. ಹೊಟ್ಟೆನೋವು ಬಂದವನು ತಾನೇ ಎದ್ದು ವೈದ್ಯರ ಕಡೆ ಹೋಗುತ್ತಾನೆ. ಸಿಡುಕು ಹತ್ತಿದವನನ್ನು ಮಾತ್ರ ಬೇರೆಯವರು ಕರೆದೊಯ್ಯುತ್ತಾರೆ. ಕನ್ನಡದಲ್ಲಿ ಸಿಟ್ಟು ಬೇರೆ, ಸಿಡುಕು ಬೇರೆ: ಸಿಟ್ಟು ಬರುತ್ತದೆ, ಇಳಿಯುತ್ತದೆ, ಸಿಡುಕು ಸ್ವಭಾವದ ಹಾಗೆ ಮೈಯಲ್ಲೇ ಕೂತಿರುತ್ತದೆ, ಸಣ್ಣ ನೆಪಕ್ಕೂ ಹತ್ತಿಕೊಳ್ಳುತ್ತದೆ. ಇದನ್ನು ಗುಣಪಡಿಸಲು ನಡೆದ ಸುಮಾರು 180 ವರ್ಷಗಳ ಪ್ರಯತ್ನವನ್ನು ಓದಿದರೆ ನನಗೆ ಕಾಣುವುದು ಇದು: ಯಾವ ಔಷಧಿ ಕೊಟ್ಟರು ಎನ್ನುವುದಕ್ಕಿಂತ, ಗುಣವಾಯಿತೋ ಇಲ್ಲವೋ ಎಂದು ಯಾರನ್ನು ಕೇಳಿದರು ಎನ್ನುವುದೇ ಪ್ರತಿ ಬಾರಿಯೂ ಉತ್ತರವನ್ನು ತೀರ್ಮಾನಿಸಿದೆ.

ಧಾರವಾಡದ ದವಾಖಾನೆ ಶುರುವಾದದ್ದು 1845ರಲ್ಲಿ, ಕಂಪನಿ ಸರಕಾರದ ಕಾಲದಲ್ಲಿ. ಮುಂದೆ ಮುಂಬಯಿ ಪ್ರಾಂತ್ಯದ ಕನ್ನಡ ಸೀಮೆಗೆಲ್ಲ ಅದೇ ದಿಕ್ಕಾಯಿತು. 1858ರ ಕಾಯಿದೆ ಬಂದಾಗ ಯಾರನ್ನು ಒಳಗೆ ಸೇರಿಸಬೇಕು ಎನ್ನುವುದಕ್ಕೆ ಒಂದು ಕ್ರಮ ಏರ್ಪಟ್ಟಿತು. ಬುದ್ಧಿಭ್ರಮಣೆಯಾಗಿ ದಿಕ್ಕಿಲ್ಲದೆ ಅಲೆಯುವವರನ್ನೂ, ಅಪಾಯಕಾರಿ ಎನಿಸಿದವರನ್ನೂ ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವೈದ್ಯರ ಸರ್ಟಿಫಿಕೇಟು ಸಿಕ್ಕರೆ ಮ್ಯಾಜಿಸ್ಟ್ರೇಟರು ದವಾಖಾನೆಗೆ ಆಜ್ಞೆ ಬರೆಯಬೇಕು. ಅಲೆಯುವುದು, ಅಪಾಯಕಾರಿಯಾಗುವುದು, ಈ ಎರಡೂ ನೋಡುವವರ ಶಬ್ದಗಳು. ಒಳಗಿನ ಸಂಕಟಕ್ಕೆ ಅಲ್ಲಿ ಶಬ್ದವೇ ಇರಲಿಲ್ಲ. ಮನೆಯ ಮೂಲೆಯಲ್ಲಿ ಮಂಕಾಗಿ ಕೂತವಳು ಎಷ್ಟೇ ನರಳಲಿ, ಆಕೆ ಕಾಯಿದೆಯ ಕಣ್ಣಿಗೆ ಬೀಳುತ್ತಿರಲಿಲ್ಲ. ಪ್ಯಾಟಿಯಲ್ಲಿ ಕಲ್ಲು ಬೀಸಿದವನು ಬೀಳುತ್ತಿದ್ದ. 1880ರ ದಶಕದ ಕೊನೆಗೆ ಸದರ್ನ್ ಮರಾಠಾ ರೈಲ್ವೆಯ ಹಳಿ ಲೋಂಡಾ, ಅಳ್ನಾವರದ ಮೂಲಕ ಧಾರವಾಡವನ್ನು ಗೋವೆಯ ದಿಕ್ಕಿಗೆ ಜೋಡಿಸಿತು. ಕಟ್ಟಿಗೆ ಸಾಗಿಸಲು ಅನುಕೂಲವಾದ ಹಳಿ ಮನುಷ್ಯರನ್ನು 'ಕಳಿಸಲಿಕ್ಕೂ' ಅನುಕೂಲವೇ. ಆ ಕಾಲದ ಜಿಲ್ಲಾ ದವಾಖಾನೆಗಳಲ್ಲಿ ಹುಚ್ಚರ ಉಸ್ತುವಾರಿ ಸಾಮಾನ್ಯವಾಗಿ ಸಿವಿಲ್ ಸರ್ಜನ್ನರ ಹೆಗಲಿಗೆ ಬೀಳುತ್ತಿತ್ತು, ಅವರ ಹತ್ತು ಕೆಲಸಗಳ ಜೊತೆ ಹನ್ನೊಂದನೆಯದಾಗಿ. ಮದ್ದೆಂದರೆ ಬ್ರೋಮೈಡ್, 1869ರ ನಂತರ ಕ್ಲೋರಲ್. ಎರಡೂ ಮಾಡುತ್ತಿದ್ದುದು ಒಂದೇ, ನಿದ್ದೆ ಬರಿಸುವುದು. ಮಲಗಿದವನಿಗೆ ಸಿಟ್ಟು ಬರುವುದಿಲ್ಲವಲ್ಲ.

ದವಾಖಾನೆಗಳ ದಾಖಲೆಗಳಲ್ಲಿ ಒಂದು ಕಾಲಮ್ಮು ಇತ್ತು: ಹುಚ್ಚಿನ ಕಾರಣ. ಅದರಲ್ಲಿ ಮತ್ತೆಮತ್ತೆ ಬರುತ್ತಿದ್ದ ಉತ್ತರ ಗಾಂಜಾ. ಗಾಂಜಾ ಸೇದಿದವನಿಗೆ ತಲೆ ತಿರುಗಿ, ಸಿಟ್ಟು ನೆತ್ತಿಗೇರಿ, ಕಂಡವರ ಮೇಲೆ ಬೀಳುತ್ತಾನೆ ಎನ್ನುವುದು ಹಿಂದೂಸ್ತಾನದ ಕಚೇರಿಗಳಲ್ಲಿ ಮಾತ್ರವಲ್ಲ, ಲಂಡನ್ನಿನ ಪಾರ್ಲಿಮೆಂಟಿನಲ್ಲೂ ನಂಬಿಕೆಯಾಗಿತ್ತು. 1893ರಲ್ಲಿ ಅಲ್ಲಿ ಪ್ರಶ್ನೆ ಎದ್ದು, ಸರಕಾರ ಡಬ್ಲ್ಯೂ. ಮ್ಯಾಕ್‌ವರ್ತ್ ಯಂಗ್ ಅವರ ಅಧ್ಯಕ್ಷತೆಯಲ್ಲಿ ಏಳು ಜನರ ಆಯೋಗವನ್ನು ನೇಮಿಸಿತು, ಮೂವರು ಭಾರತೀಯರು. ಅವರು 1,193 ಸಾಕ್ಷಿಗಳನ್ನು ವಿಚಾರಿಸಿದರು. ಆದರೆ ಅವರ ನಿಜವಾದ ಕೆಲಸ ಬೇರೆಯದು. ದವಾಖಾನೆಗಳ ಅಂಕಿಯನ್ನು ಅಂಕಿಯೆಂದು ಒಪ್ಪದೆ, ಮುಂಬಯಿ ಪ್ರಾಂತ್ಯವೂ ಸೇರಿ ಬ್ರಿಟಿಷ್ ಇಂಡಿಯಾದ ದವಾಖಾನೆಗಳಿಗೆ 1892ರಲ್ಲಿ ಸೇರಿದವರ ಪ್ರಕರಣಗಳನ್ನು ಹಿಂದಕ್ಕೆ ಹಿಡಿದುಕೊಂಡು ಹೋದರು: ಈ ಕಾಲಮ್ಮು ತುಂಬಿದವರು ಯಾರು, ಅವರಿಗೆ ಯಾರು ಹೇಳಿದರು, ಹೇಳಿದವರಿಗೆ ಹೇಗೆ ಗೊತ್ತು? ಸಿಕ್ಕ ಉತ್ತರ ನಗೆ ಬರಿಸುವಂತಿತ್ತು. ಕಾರಣವನ್ನು ಬರೆಯುತ್ತಿದ್ದವರು ಬಹುಪಾಲು ವೈದ್ಯರಲ್ಲ, ಕೈದಿಯನ್ನು ತಂದ ಪೊಲೀಸರು. ಅವರ ಚೀಟಿಯನ್ನು ಮ್ಯಾಜಿಸ್ಟ್ರೇಟರು ನಕಲು ಮಾಡುತ್ತಿದ್ದರು, ಅವರದನ್ನು ದವಾಖಾನೆಯವರು. ಏನೂ ಬರೆಯದೆ ಬಿಟ್ಟರೆ ಮೇಲಿನವರು ಕೇಳುತ್ತಾರೆ. ಗಾಂಜಾ ಎಂದು ಬರೆದರೆ ಯಾರೂ ಕೇಳುವುದಿಲ್ಲ. ಆ ವರ್ಷ ಸೇರಿದ 1,344 ಜನರಲ್ಲಿ 222 ಜನರ ಹೆಸರಿನ ಮುಂದೆ ಗಾಂಜಾ, ಭಂಗಿ, ಚರಸ್ಸಿನ ಕಾರಣವಿತ್ತು. ಒಂದೊಂದನ್ನೂ ಕೆದಕಿ ನೋಡಿದಾಗ ಉಳಿದದ್ದು 98. ಅದರಲ್ಲೂ ಈ ನಶೆಯೊಂದೇ ಕಾರಣ ಎನ್ನಬಹುದಾದದ್ದು 61. ಈ ವರದಿಯನ್ನು ನಮ್ಮಲ್ಲಿ ಅಬಕಾರಿಯ ಚರಿತ್ರೆ ಎಂದು ಓದುವ ರೂಢಿ. ಅದು ಅಷ್ಟೇ ಮಟ್ಟಿಗೆ ಮನೋವೈದ್ಯಕೀಯದ ಚರಿತ್ರೆಯೂ ಹೌದು. ಒಬ್ಬನ ರೋಷದ ಬಗ್ಗೆ ದಾಖಲೆಯಲ್ಲಿ ಇದ್ದದ್ದೆಲ್ಲ ಇನ್ನೊಬ್ಬನ ಮಾತು, ಆ ಮಾತಿಗೆ ಆಧಾರ ಮತ್ತೊಬ್ಬನ ಮಾತು ಎನ್ನುವುದನ್ನು ಸರಕಾರಿ ಮುದ್ರೆಯೊಂದಿಗೆ ಒಪ್ಪಿಕೊಂಡ ಕಾಗದ ಅದು.

ಇಂದಿನ ಅಳತೆಗೋಲಿನಿಂದ ಅಂದಿನವರನ್ನು ಅಳೆಯುವುದು ಅನ್ಯಾಯ ಎಂದು ಯಾರಾದರೂ ಹೇಳಬಹುದು. ಸಾಮಾನ್ಯವಾಗಿ ನಾನೂ ಅದನ್ನು ಒಪ್ಪುವವನು. ಇಲ್ಲಿ ಒಪ್ಪಲಾರೆ, ಏಕೆಂದರೆ ಈ ಅಳತೆಗೋಲು ಇಂದಿನದಲ್ಲ. ಯಂಗ್ ಅವರ ಆಯೋಗ ಕೇಳಿದ ಪ್ರಶ್ನೆಯನ್ನೇ ನಾವೂ ಕೇಳುತ್ತಿದ್ದೇವೆ. ಅದನ್ನು 1894ರ ಹೊತ್ತಿಗೇ ಕೇಳಲಾಗಿತ್ತು, ಉತ್ತರವೂ ಅಚ್ಚಾಗಿ ಬಂದಿತ್ತು. ಆದರೂ 1912ರ ಹೊಸ ಕಾಯಿದೆ ಅಲೆಯುವವರು, ಅಪಾಯಕಾರಿಗಳು ಎಂಬ ಹಳೆಯ ಎರಡು ಶಬ್ದಗಳನ್ನೇ ಮುಂದುವರಿಸಿತು. 1920ರ ದಶಕದಲ್ಲಿ ಅಸೈಲಮ್ಮು ಹೋಗಿ ಮಾನಸಿಕ ಆಸ್ಪತ್ರೆ ಎಂದು ಫಲಕ ಬದಲಾಯಿತು. ಫಲಕ ಬದಲಾಯಿಸುವುದು ಕಾಲಮ್ಮು ಬದಲಾಯಿಸುವುದಕ್ಕಿಂತ ಸುಲಭ.

ಮುಂದಿನ ಅಧ್ಯಾಯ ನಮ್ಮ ಕಾಡಿನ ಗಿಡದ್ದು. ಪಶ್ಚಿಮ ಘಟ್ಟದ ತೇವದ ಕಾಡುಗಳಲ್ಲೂ ಬೆಳೆಯುವ ಸರ್ಪಗಂಧಿಯ ಬೇರನ್ನು ಹುಚ್ಚಿಗೆ, ನಿದ್ದೆಗೇಡಿಗೆ, ಹಾವು ಕಡಿದದ್ದಕ್ಕೆ ಕೊಡುವ ಪದ್ಧತಿ ಈ ದೇಶದಲ್ಲಿ ಹಳೆಯದು. ಉತ್ತರದಲ್ಲಿ ಅದಕ್ಕೆ 'ಪಾಗಲ್ ಕಿ ದವಾ' ಎಂದೇ ಹೆಸರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಈ ಬೇರು ಉನ್ಮಾದದ ಆರ್ಭಟವನ್ನೂ ರಕ್ತದೊತ್ತಡವನ್ನೂ ತಗ್ಗಿಸುತ್ತದೆ ಎಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅದೇ ಹೊತ್ತಿಗೆ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಅದರ ಸಾರವೊಂದನ್ನು ಬೇರ್ಪಡಿಸಿ, ಹಕೀಂ ಅಜ್ಮಲ್ ಖಾನರ ನೆನಪಿಗೆ ಅಜ್ಮಲಿನ್ ಎಂದು ಹೆಸರಿಟ್ಟರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ರಕ್ತದೊತ್ತಡದ ರೋಗಿಗಳ ಮೇಲೆ ಅದರ ಪರಿಣಾಮವನ್ನು ಬ್ರಿಟಿಷ್ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಜಗತ್ತು ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯವರು ಬೇರಿನಿಂದ ರಿಸರ್ಪಿನ್ ತೆಗೆದರು. ನ್ಯೂಯಾರ್ಕ್ ರಾಜ್ಯದ ರಾಕ್‌ಲ್ಯಾಂಡ್ ಮಾನಸಿಕ ಆಸ್ಪತ್ರೆಯ ನೇಥನ್ ಕ್ಲೈನ್ ಅದನ್ನು ತಮ್ಮ ರೋಗಿಗಳಿಗೆ ಕೊಟ್ಟು 1954ರಲ್ಲಿ ಫಲಿತಾಂಶ ಪ್ರಕಟಿಸಿದರು.

ಕ್ಲೈನರ ಪ್ರಯೋಗದ ಜೊತೆ ಸದಾ ಹೇಳಲಾಗುವ ಒಂದು ಕಥೆಯಿದೆ. ಔಷಧಿ ಕೆಲಸ ಮಾಡುತ್ತಿದೆ ಎಂದು ಮೊದಲು ಗುರುತಿಸಿದ್ದು ವೈದ್ಯರಲ್ಲ, ಆಸ್ಪತ್ರೆಯ ಕಿಟಕಿಗಳಿಗೆ ಗಾಜು ಕೂರಿಸುವ ಕೆಲಸಗಾರ. ಆ ವಾರ್ಡುಗಳಲ್ಲಿ ಒಡೆದ ಗಾಜು ಬದಲಾಯಿಸುವ ಕೆಲಸವೇ ಅವನಿಗೆ ಕಡಿಮೆಯಾಗಿತ್ತಂತೆ. ಇದನ್ನು ಹೇಳುವವರು ಮುಗುಳ್ನಗುತ್ತ ಹೇಳುತ್ತಾರೆ. ನನಗೆ ಅದು ಆ ಇಡೀ ಯುಗದ ಸಾಕ್ಷಿಯಂತೆ ಕಾಣುತ್ತದೆ. ಗಾಜು ಉಳಿದದ್ದು ನಿಜ. ಗಾಜಿನ ಆಚೆ ಇದ್ದವನಿಗೆ ಏನಾಯಿತು ಎಂದು ಗಾಜು ಹೇಳುವುದಿಲ್ಲ. ಹಾಗೆಂದು ರಿಸರ್ಪಿನ್ ಮೋಸದ ಔಷಧಿಯೇನೂ ಅಲ್ಲ. ಮರುವರ್ಷವೇ, 1955ರಲ್ಲಿ, ಲಂಡನ್ನಿನಲ್ಲಿ ಡೇವಿಸ್ ಮತ್ತು ಶೆಫರ್ಡ್ ಎಂಬುವರು ಆತಂಕ, ಖಿನ್ನತೆಗಳಿಂದ ಬಳಲುತ್ತಿದ್ದ 54 ಹೊರರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ರಿಸರ್ಪಿನ್, ಇನ್ನೊಂದಕ್ಕೆ ಔಷಧಿಯಿಲ್ಲದ ಮಾತ್ರೆ ಕೊಟ್ಟು ನೋಡಿದರು. ಮನೋವೈದ್ಯಕೀಯದಲ್ಲಿ ಈ ಕ್ರಮದ ಪ್ರಯೋಗಗಳಲ್ಲಿ ಅದು ಮೊದಲ ಸಾಲಿನದು. ರಿಸರ್ಪಿನ್ ಪಡೆದವರು ಹೆಚ್ಚು ಸುಧಾರಿಸಿದರು. ಅತ್ತ ಅದೇ ಔಷಧಿಯನ್ನು ರಕ್ತದೊತ್ತಡಕ್ಕೆಂದು ನುಂಗುತ್ತಿದ್ದವರಲ್ಲಿ ಕೆಲವರು ಮಂಕಾಗುತ್ತಿದ್ದಾರೆ, ಖಿನ್ನರಾಗುತ್ತಿದ್ದಾರೆ ಎಂಬ ವರದಿಗಳು ಬರತೊಡಗಿ, ಆ ಹೆಸರು ಅದಕ್ಕೆ ಅಂಟಿಕೊಂಡಿತು. ಒಂದೇ ಬೇರು; ವಾರ್ಡಿನ ಗಾಜನ್ನು ಕೇಳಿದರೆ ಒಂದು ಉತ್ತರ, ಲಂಡನ್ನಿನ ಹೊರರೋಗಿಯನ್ನು ಕೇಳಿದರೆ ಇನ್ನೊಂದು, ರಕ್ತದೊತ್ತಡದವರನ್ನು ಕೇಳಿದರೆ ಮತ್ತೊಂದು. ಕೊನೆಗೆ ಸರ್ಪಗಂಧಿಗೆ ಆದದ್ದು ಇಷ್ಟು: ಅತಿಯಾಗಿ ಕಿತ್ತದ್ದರಿಂದ ಗಿಡ ಅಪರೂಪವಾಗಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿ ಸೇರಿತು, ಮದ್ದು ಮನೋವೈದ್ಯರ ಮೇಜಿನಿಂದ ಇಳಿಯಿತು. ಅದರ ಜಾಗಕ್ಕೆ ಬಂದ ಕ್ಲೋರ್‌ಪ್ರೊಮಜಿನ್ ಕೂಡ ಮೊದಲು ಅಳೆಸಿಕೊಂಡದ್ದು ಆರ್ಭಟದ ತಕ್ಕಡಿಯಲ್ಲೇ: ಬರ್ಮಿಂಗ್‌ಹ್ಯಾಮಿನ ಎಲ್ಕ್ಸ್ ದಂಪತಿ 1954ರಲ್ಲಿ ಅದನ್ನು ಪರೀಕ್ಷಿಸಿದ್ದು ಬಹುಕಾಲದಿಂದ ಅತಿಚಟುವಟಿಕೆಯಲ್ಲಿದ್ದ 27 ರೋಗಿಗಳ ಮೇಲೆ. ಅವರಲ್ಲಿ ಸ್ಪಷ್ಟವಾಗಿ ಸುಧಾರಿಸಿದವರು ಏಳು ಜನ. ಆ ಪ್ರಾಮಾಣಿಕ ಏಳನ್ನು ಮುಂದೆ ಔಷಧಿಯ ಜಾಹೀರಾತುಗಳು ನೆನಪಿಟ್ಟುಕೊಳ್ಳಲಿಲ್ಲ.

ಮಕ್ಕಳ ಸಿಡುಕು ವೈದ್ಯಶಾಸ್ತ್ರದ ಕಣ್ಣಿಗೆ ಸರಿಯಾಗಿ ಬಿದ್ದದ್ದು ತೀರ ಈಚೆಗೆ, ಅದೂ ಒಂದು ಎಡವಟ್ಟಿನಿಂದ. 1990ರ ದಶಕದ ಅಮೆರಿಕದಲ್ಲಿ, ಸದಾ ಸಿಡುಕುವ ಮಕ್ಕಳಿಗಿರುವುದು ಬೈಪೋಲಾರ್ ಕಾಯಿಲೆಯ ಎಳೆಯ ರೂಪ ಎಂಬ ವಾದ ಹಬ್ಬಿತು. 1994–95ರಲ್ಲಿ ಅಲ್ಲಿನ ಲಕ್ಷ ಎಳೆಯರಿಗೆ 25ರಷ್ಟಿದ್ದ ಬೈಪೋಲಾರ್ ಭೇಟಿಗಳು 2002–03ರ ಹೊತ್ತಿಗೆ 1,003ಕ್ಕೆ ಏರಿದವು. ಎಂಟು ವರ್ಷದಲ್ಲಿ ಒಂದು ಕಾಯಿಲೆ ನಲವತ್ತು ಪಟ್ಟು ಹುಟ್ಟುವುದಿಲ್ಲ. ಕಾಲಮ್ಮಿಗೆ ಹೊಸ ಶಬ್ದ ಸಿಕ್ಕಾಗ ಮಾತ್ರ ಹಾಗಾಗುತ್ತದೆ. 1892ರ ಗಾಂಜಾ ಇಲ್ಲಿ ಬೇರೆ ವೇಷದಲ್ಲಿ ಕೂತಿತ್ತು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಎಲೆನ್ ಲೈಬೆನ್‌ಲುಫ್ಟ್ ಮತ್ತು ಸಂಗಡಿಗರು 2003ರಲ್ಲಿ ಬಿಟ್ಟುಬಿಟ್ಟು ಏರುವ ಉನ್ಮಾದವನ್ನೂ ದಿನವಿಡೀ ಆರದ ಸಿಡುಕನ್ನೂ ಬೇರೆಬೇರೆ ಮಾಡಿ ಅಧ್ಯಯನ ಶುರುಮಾಡಿದರು. ಆ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳಲ್ಲಿ ಕಂಡದ್ದು, ಅವರು ದೊಡ್ಡವರಾದಾಗ ಹೆಚ್ಚಾಗಿ ಖಿನ್ನತೆ, ಆತಂಕಗಳಿಗೆ ಗುರಿಯಾಗುತ್ತಾರೆ, ಬೈಪೋಲಾರಿಗೆ ಅಲ್ಲ. ಹೊರಗೆ ಬೆಂಕಿಯಾಗಿ ಕಂಡದ್ದು ಒಳಗೆ ದುಃಖವಾಗಿತ್ತು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಇದಕ್ಕೆ ಪ್ರತ್ಯೇಕ ಹೆಸರು ಕೊಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಹಾಗೆ ಮಾಡದೆ, ಮಕ್ಕಳ ಎದುರುತ್ತರ, ಹಟಮಾರಿತನದ ಕಾಯಿಲೆಯಡಿಯಲ್ಲೇ ಅದನ್ನೊಂದು ಬಗೆಯಾಗಿ ಸೇರಿಸಿತು. ಈ ಜಗಳ ಇನ್ನೂ ಮುಗಿದಿಲ್ಲ.

ಲೈಬೆನ್‌ಲುಫ್ಟ್ ಗುಂಪಿನವರದೇ, ಬೈಪೋಲಾರಿಗೆ ಕೊಡುವ ಲಿಥಿಯಂನ 2009ರ ಪ್ರಯೋಗವೊಂದು ನನ್ನ ದೃಷ್ಟಿಯಲ್ಲಿ ಇಡೀ ಚರಿತ್ರೆಯ ಅತ್ಯಂತ ಬೆಲೆಯುಳ್ಳ ಸೋಲು. ತೀವ್ರ ಸಿಡುಕಿನ 45 ಎಳೆಯರನ್ನು ಆಸ್ಪತ್ರೆಗೆ ಸೇರಿಸಿಕೊಂಡು, ಅವರು ಅದುವರೆಗೆ ನುಂಗುತ್ತಿದ್ದ ಔಷಧಿಗಳನ್ನು ಮೆಲ್ಲಗೆ ನಿಲ್ಲಿಸಿದರು. ಬಳಿಕ ಎರಡು ವಾರ ಔಷಧಿಯಿಲ್ಲದ ಮಾತ್ರೆ. ಆಮೇಲೆ ಅರ್ಧದಷ್ಟು ಜನಕ್ಕೆ ಲಿಥಿಯಂ ಎಂಬುದು ಯೋಜನೆ. ಆದರೆ ಆ ಎರಡು ವಾರಗಳಲ್ಲೇ 20 ಮಂದಿ ಎಷ್ಟು ಸುಧಾರಿಸಿದರೆಂದರೆ ಅವರನ್ನು ಪ್ರಯೋಗದಿಂದಲೇ ಕೈಬಿಡಬೇಕಾಯಿತು. ಉಳಿದ 25ರಲ್ಲಿ ಲಿಥಿಯಂ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸ ಕಾಣಲಿಲ್ಲ. ಔಷಧಿಯ ದೃಷ್ಟಿಯಿಂದ ಇದು ಶೂನ್ಯ. ಮಗುವಿನ ದೃಷ್ಟಿಯಿಂದ ನೋಡಿ: ಮನೆ ಬದಲಾಯಿತು, ಶಾಲೆ ಬದಲಾಯಿತು, ಮಾತ್ರೆಗಳ ಹೊರೆ ಇಳಿಯಿತು, ಸುತ್ತಲಿನ ದೊಡ್ಡವರು ರೇಗುವುದನ್ನು ಬಿಟ್ಟು ಗಮನಿಸತೊಡಗಿದರು, ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳ ಸಿಡುಕು ಇಳಿಯಿತು. ಇವುಗಳಲ್ಲಿ ಯಾವುದು ಕೆಲಸ ಮಾಡಿತೆಂದು ಆ ಪ್ರಯೋಗ ಹೇಳುವುದಿಲ್ಲ. ಸಿಡುಕು ಬರೀ ಮಗುವಿನ ತಲೆಯೊಳಗಿನ ವಸ್ತುವಲ್ಲ, ಮಗುವಿಗೂ ಸುತ್ತಲಿನವರಿಗೂ ನಡುವೆ ಇರುವ ವಸ್ತು ಎಂದು ಮಾತ್ರ ಹೇಳುತ್ತದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಗೋಡೆಗೆ ತಲೆ ಚಚ್ಚಿಕೊಳ್ಳುವ, ತಾಯಿಯ ಕೈ ಕಚ್ಚುವ ಮಗುವಿರುವ ಮನೆಯಲ್ಲಿ ನಿಂತು 'ಶಾಂತಿ ಯಾರ ದೃಷ್ಟಿಯಲ್ಲಿ?' ಎಂದು ಕೇಳುವುದು ಪುಸ್ತಕದವರ ಚೈನಿ. ಆ ತಾಯಿಗೆ ಒಂದು ರಾತ್ರಿಯ ನಿದ್ದೆ ಸಿಕ್ಕರೆ ಅದೂ ಚಿಕಿತ್ಸೆಯೇ ಅಲ್ಲವೆ? ಹೌದು. ಅದಕ್ಕೆ ಪುರಾವೆಯೂ ಇದೆ. 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 5ರಿಂದ 17 ವರ್ಷದ, ಆಟಿಸಂ ಇರುವ 101 ಮಕ್ಕಳಿಗೆ ಎಂಟು ವಾರ ರಿಸ್ಪೆರಿಡೋನ್ ಅಥವಾ ಬರಿ ಮಾತ್ರೆ ಕೊಟ್ಟು ನೋಡಿದಾಗ ಸಿಡುಕಿನ ಅಂಕ ಔಷಧಿಯವರಲ್ಲಿ ಶೇ. 57ರಷ್ಟು, ಉಳಿದವರಲ್ಲಿ ಶೇ. 14ರಷ್ಟು ಇಳಿಯಿತು. ಇಷ್ಟು ದೊಡ್ಡ ಅಂತರ ಮನೋವೈದ್ಯಕೀಯದಲ್ಲಿ ದಿನಾ ಸಿಗುವುದಲ್ಲ. 2006ರಲ್ಲಿ ಅಮೆರಿಕದ ಔಷಧಿ ನಿಯಂತ್ರಕರು ಆಟಿಸಂ ಮಕ್ಕಳ ಸಿಡುಕಿಗೆಂದೇ ಅದಕ್ಕೆ ಒಪ್ಪಿಗೆ ಕೊಟ್ಟರು, 2009ರಲ್ಲಿ ಅರಿಪಿಪ್ರಜೋಲ್‌ಗೂ ಕೊಟ್ಟರು. ಆ ಎಂಟೇ ವಾರದಲ್ಲಿ ಔಷಧಿ ಪಡೆದ ಮಕ್ಕಳ ತೂಕ ಸರಾಸರಿ 2.7 ಕಿಲೋ ಏರಿತ್ತು, ಪಡೆಯದವರದು 0.8. ಸಿಡುಕಿನ ಅಂಕ ತಂದೆತಾಯಿಗಳು ತುಂಬುವ ಪ್ರಶ್ನಾವಳಿಯದು. ತೂಕ ಹೊರುವುದು ಮಗುವಿನ ಮೈ. ನಾನು ಔಷಧಿ ಬೇಡವೆನ್ನುತ್ತಿಲ್ಲ. ಲೆಕ್ಕದ ಎರಡೂ ಮಗ್ಗುಲನ್ನು ಒಂದೇ ಹಾಳೆಯಲ್ಲಿ ಬರೆಯಿರಿ ಎನ್ನುತ್ತಿದ್ದೇನೆ, ಅಷ್ಟೇ. ಆ ಪ್ರಯೋಗದವರು ಬರೆದರು. 2015ರಲ್ಲಿ ಆಟಿಸಂ ಇರುವ, 3ರಿಂದ 7 ವರ್ಷದ 180 ಮಕ್ಕಳ ಅಧ್ಯಯನವೊಂದು ಮಕ್ಕಳಿಗೆ ಏನನ್ನೂ ಕೊಡದೆ ತಂದೆತಾಯಿಗಳಿಗೇ ತರಬೇತಿ ಕೊಟ್ಟಿತು: ರಂಪದ ಮೊದಲು ಏನಾಗುತ್ತದೆ, ನಂತರ ನೀವು ಏನು ಮಾಡುತ್ತೀರಿ ಎನ್ನುವುದನ್ನು ನೋಡಲು ಕಲಿಸಿತು. 24 ವಾರದಲ್ಲಿ ಸಿಡುಕಿನ ಅಂಕ ಸುಮಾರು ಶೇ. 48ರಷ್ಟು ಇಳಿಯಿತು, ಬರೀ ತಿಳಿವಳಿಕೆ ಪಡೆದವರ ಮಕ್ಕಳಲ್ಲಿ ಶೇ. 32ರಷ್ಟು. ಎರಡೂ ಗುಂಪಿನಲ್ಲಿ ಇಳಿದದ್ದನ್ನು ಗಮನಿಸಬೇಕು.

ಇನ್ನೊಂದು ದಾರಿಯಲ್ಲಿ ಹೋದವರೂ ಇದ್ದಾರೆ. ಸಿಡುಕಿನ ಹಿಂದೆ ಖಿನ್ನತೆಯಿದ್ದರೆ ಖಿನ್ನತೆಯ ಔಷಧಿಯನ್ನೇಕೆ ಪ್ರಯತ್ನಿಸಬಾರದು? 2020ರಲ್ಲಿ ಪ್ರಕಟವಾದ, ಸುಮಾರು ಐವತ್ತು ಮಕ್ಕಳ ಸಣ್ಣ ಪ್ರಯೋಗದಲ್ಲಿ ಮೀಥೈಲ್‌ಫೆನಿಡೇಟ್ ಎಂಬ ಔಷಧಿಯ ಜೊತೆ ಖಿನ್ನತೆಯ ಔಷಧಿ ಸಿಟಾಲೊಪ್ರಾಂ ಸೇರಿಸಿದಾಗ ಶೇ. 35ರಷ್ಟು ಮಕ್ಕಳು ಸುಧಾರಿಸಿದರು, ಸೇರಿಸದಾಗ ಶೇ. 6. ಮಕ್ಕಳನ್ನು ದೀರ್ಘಕಾಲ ಹಿಂಬಾಲಿಸಿ, ಒಳಗೇನಿದೆ ಎಂದು ಕೇಳಿದ್ದರಿಂದ ಹುಟ್ಟಿದ ಪ್ರಯೋಗ ಇದು. ಕೇಳುವುದು ಬರೀ ಕರುಣೆಯ ಮಾತಲ್ಲ, ಔಷಧಿ ಆರಿಸುವ ಕ್ರಮವೂ ಹೌದು.

ದೊಡ್ಡವರ ಸಿಡುಕಿನ ಸಂಶೋಧನೆ ಇದಕ್ಕಿಂತ ಬಡವಾಗಿದೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ, ಗಾಯ ಮಾಯ್ದ ಮೇಲೂ ಸ್ವಭಾವವೇ ಬದಲಾಗಿ ಮನೆಯವರ ಮೇಲೆ ಎಗರಾಡುವವರು ಯಾವ ಊರಲ್ಲಿಲ್ಲ? ಇಂಥವರಿಗೆ ಅಮಾಂಟಡೀನ್ ಎಂಬ ಔಷಧಿ ಕೊಟ್ಟು ನೋಡಿದ ಅಮೆರಿಕದ ಮೊದಲ ಪ್ರಯೋಗದಲ್ಲಿ, 76 ಜನರ ಪೈಕಿ ಔಷಧಿ ಪಡೆದವರಲ್ಲಿ ಶೇ. 81ರಷ್ಟು, ಪಡೆಯದವರಲ್ಲಿ ಶೇ. 44ರಷ್ಟು ಮಂದಿ ಸುಧಾರಿಸಿದರೆಂದು ಮನೆಯವರು ಹೇಳಿದರು. ಸಂತೋಷದ ಸುದ್ದಿ. 168 ಜನರೊಂದಿಗೆ, ಹಲವು ಆಸ್ಪತ್ರೆಗಳಲ್ಲಿ ಅದನ್ನೇ ಮತ್ತೆ ಮಾಡಿದಾಗ, ಮುಖ್ಯವೆಂದು ಮೊದಲೇ ಗೊತ್ತುಮಾಡಿದ್ದ ಅಳತೆಯಲ್ಲಿ, ಅಂದರೆ ಹತ್ತಿರದವರು ಕಂಡ ಸಿಡುಕಿನಲ್ಲಿ, ಎರಡು ಗುಂಪುಗಳ ನಡುವೆ ಖಚಿತ ಅಂತರ ಉಳಿಯಲಿಲ್ಲ. ಬರಿ ಮಾತ್ರೆ ನುಂಗಿದವರೂ ಅಷ್ಟು ಚೆನ್ನಾಗಿ ಸುಧಾರಿಸಿದ್ದರು. ಯಾರೋ ಆಗಾಗ ಬಂದು ಆ ಸಿಡುಕಿನ ಬಗ್ಗೆ ತಾಳ್ಮೆಯಿಂದ ವಿಚಾರಿಸಿಕೊಂಡು ಹೋದರೆ ಮನೆಯವರಿಗೆ ಅದು ಸ್ವಲ್ಪ ಸಣ್ಣದಾಗಿ ಕಾಣುತ್ತದೆಯೆ? ಆತನಿಗೂ ಸಣ್ಣದಾಗುತ್ತದೆಯೆ? ಹೊರಗಿನವರ ಕಣ್ಣೊಂದನ್ನೇ ಅಳತೆಗೋಲು ಮಾಡಿಕೊಂಡರೆ ಈ ಎರಡು ಪ್ರಶ್ನೆಗಳನ್ನು ಬೇರೆ ಮಾಡಲು ಬರುವುದಿಲ್ಲ.

ಸಿಟ್ಟು ಕಾಯಿಲೆಯೇ ಅಲ್ಲ, ಇದನ್ನೆಲ್ಲ ದವಾಖಾನೆಗೆ ಎಳೆದದ್ದೇ ತಪ್ಪು, ಹಿಂದಿನ ಕಾಲದಲ್ಲಿ ಹಿರಿಯರು ಬುದ್ಧಿ ಹೇಳಿ ಸರಿಮಾಡುತ್ತಿದ್ದರು ಎನ್ನುವವರು ನಮ್ಮಲ್ಲಿ ಬಹಳ. ಮೊದಲ ಅರ್ಧಕ್ಕೆ ನನ್ನ ಒಪ್ಪಿಗೆಯಿದೆ: ಬಡಿದಾಟದ ಮನೆಯಲ್ಲಿ ಹುಡುಗನಿಗೆ ಬರುವ ಸಿಟ್ಟು, ಬೆಳೆವಿಮೆ ಬಾರದ ವರ್ಷ ರೈತನಿಗೆ ಬರುವ ಸಿಟ್ಟು ಕಾಯಿಲೆಯಲ್ಲ. ಹೊಸ ವ್ಯಾಖ್ಯೆಗಳು ವಾರಕ್ಕೆ ಮೂರಾದರೂ ಸ್ಫೋಟ, ವರ್ಷವಿಡೀ ಆರದ ಕಿರಿಕಿರಿ, ಮನೆ, ಶಾಲೆ, ಗೆಳೆಯರ ನಡುವೆ ಇವುಗಳಲ್ಲಿ ಕನಿಷ್ಠ ಎರಡು ಕಡೆ ಎಂದೆಲ್ಲ ಷರತ್ತು ಹಾಕುವುದು ಇದಕ್ಕೇ. ಆದರೆ ಹಿರಿಯರ ಕಾಲವನ್ನು ಪೂರ್ತಿ ನೆನೆಯಬೇಕು. ಬುದ್ಧಿಮಾತಿಗೆ ಬಗ್ಗದವನಿಗೆ ಉಳಿದಿದ್ದ ಇನ್ನೊಂದು ಸಾಧನ ಸರಪಳಿ; ಮನೆಯ ಹಿತ್ತಿಲಲ್ಲಿ, ದೇವಸ್ಥಾನ ದರ್ಗಾಗಳ ಕಂಬದಲ್ಲಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇರಿಸಿದ್ದ ಗುಡಿಸಲಿಗೆ ಬೆಂಕಿ ಬಿದ್ದಾಗ ಸತ್ತ 28 ಮಂದಿ ಓಡಲಾಗದೆ ಸತ್ತದ್ದು ಸರಪಳಿಯಿಂದ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಯಾವ ರೀತಿಯಲ್ಲೂ ಸರಪಳಿ ಹಾಕಕೂಡದು ಎಂದು ನಿಷೇಧಿಸಿತು. ಅಪಾಯದ ಶಬ್ದದಿಂದ ಶುರುವಾದ ಕಾನೂನು ಹಕ್ಕಿನ ಶಬ್ದಕ್ಕೆ ಬರಲು 159 ವರ್ಷ ಹಿಡಿಯಿತು.

ಕೊನೆಯ ಆಕ್ಷೇಪವೇ ಹೆಚ್ಚು ಕಷ್ಟದ್ದು. ಸಿಡುಕಿನವನ ಮಾತನ್ನು ನಂಬುವುದು ಹೇಗೆ? 'ನನಗೇನೂ ಆಗಿಲ್ಲ, ಅವರದೇ ತಪ್ಪು' ಎನ್ನುವುದು ಆ ಬೇನೆಯದೇ ಒಂದು ಲಕ್ಷಣ. ಮಾತೇ ಬಾರದ ಮಗುವನ್ನಂತೂ ಕೇಳುವಂತೆಯೇ ಇಲ್ಲ. ಮಾತು ಬಾರದವರ ವಿಷಯದಲ್ಲಿ ಇದಕ್ಕೆ ಎದುರುತ್ತರವಿಲ್ಲ. ಅಲ್ಲಿ ಮನೆಯವರ ಕಣ್ಣೇ ಗತಿ. ಉಳಿದವರ ವಿಷಯದಲ್ಲಿ ಮಾತ್ರ ಉತ್ತರವಿದೆ, ಅದೂ ನಮ್ಮ ಸಮೀಪದಿಂದ. ಅಳ್ನಾವರದಿಂದ ಹಳಿ ಹಿಡಿದು ಪಡುವಣಕ್ಕೆ ಹೋದರೆ ಸಿಗುವ ಗೋವೆಯಲ್ಲಿ 1996ರಲ್ಲಿ ಹುಟ್ಟಿದ ಸಂಗಾತ್ ಎಂಬ ಸಂಸ್ಥೆ, ವೈದ್ಯರಲ್ಲದ ಸಾಮಾನ್ಯರಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆ ಮಾಡಿಸುವ ಕೆಲಸಕ್ಕೆ ಹೆಸರಾಗಿದೆ. ಅದರವರು ದೆಹಲಿಯ ಸರಕಾರಿ ಶಾಲೆಗಳಲ್ಲಿ ಮಾಡಿದ, 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸುಮಾರು 250 ಹದಿಹರೆಯದವರಿದ್ದರು. ಅರ್ಧ ಜನಕ್ಕೆ ಚಿತ್ರಕಥೆಯ ಪುಸ್ತಿಕೆ ಮಾತ್ರ. ಉಳಿದವರಿಗೆ ಪುಸ್ತಿಕೆಯ ಜೊತೆ ಸಲಹೆಗಾರರೊಂದಿಗೆ ಕೆಲವೇ ಭೇಟಿ: ಸಮಸ್ಯೆ ಏನು, ಏನೇನು ಮಾಡಬಹುದು, ಒಂದನ್ನು ಮಾಡಿ ನೋಡು. ಫಲಿತಾಂಶವನ್ನು ಎರಡು ಅಳತೆಯಲ್ಲಿ ನೋಡಿದರು. ಒಂದು, ಲಕ್ಷಣಗಳ ಸಿದ್ಧ ಪ್ರಶ್ನಾವಳಿ. ಇನ್ನೊಂದರಲ್ಲಿ ಹುಡುಗ ಹುಡುಗಿಯರು ತಮ್ಮನ್ನು ಕಾಡುವ ಸಮಸ್ಯೆಯನ್ನು ತಾವೇ ಹೆಸರಿಸಿ, ತಾವೇ ಅಂಕ ಕೊಡಬೇಕು. ಆರು ವಾರಕ್ಕೆ ಲಕ್ಷಣಗಳ ಅಳತೆಯಲ್ಲಿ ಹೇಳಿಕೊಳ್ಳುವ ಅಂತರ ಬರಲಿಲ್ಲ. ಅವರೇ ಹೆಸರಿಸಿದ ಸಮಸ್ಯೆಯಲ್ಲಿ ಬಂದಿತು. ಇದರಿಂದ ಎರಡನೆಯ ಅಳತೆಯೇ ಸತ್ಯ, ಮೊದಲನೆಯದು ಸುಳ್ಳು ಎಂದಾಗುವುದಿಲ್ಲ. ಎರಡರ ಉತ್ತರ ಬೇರೆಬೇರೆ ಎಂದಾಗುತ್ತದೆ. ಒಂದನ್ನೇ ಕೇಳಿದ್ದರೆ ಇನ್ನೊಂದು ಉತ್ತರ ಇದೆ ಎನ್ನುವುದೇ ಗೊತ್ತಾಗುತ್ತಿರಲಿಲ್ಲ.

ಧಾರವಾಡದ ದವಾಖಾನೆ ಈಗ ಡಿಮ್ಹಾನ್ಸ್. ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಕಳಿಸುವ ದಾರಿಯನ್ನು ತಿರುಗಿಸುವ ಪ್ರಯತ್ನವೂ ಕರ್ನಾಟಕದಲ್ಲೇ ಮೊದಲಾದದ್ದು: 1970ರ ದಶಕದಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಹಳ್ಳಿಗರ ನಡುವೆ ಕೆಲಸ ಶುರುಮಾಡಿತು, 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಮನೋವೈದ್ಯಕೀಯ ಕಲಿಸಿತು, ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಗೆ ಅದೇ ಮಾದರಿಯಾಯಿತು. 2014ರಿಂದ ಮನೋಚೈತನ್ಯ ಎಂಬ ಹೆಸರಿನಲ್ಲಿ ಮನೋವೈದ್ಯರು ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗಳಿಗೆ ಹೋಗುವ ವ್ಯವಸ್ಥೆಯಿದೆ. 2022ರಿಂದ 14416 ಎಂಬ ಟೆಲಿಮಾನಸ್ ನಂಬರಿದೆ, ಅದಕ್ಕೆ ಕರೆ ಮಾಡಲು ಯಾರೂ ಯಾರನ್ನೂ ಕಳಿಸಬೇಕಾಗಿಲ್ಲ. ಆದರೆ ಆಸ್ಪತ್ರೆಯ ಕೋಣೆಯಲ್ಲಿ ನಡೆಯುವುದು ಇನ್ನೂ ಹಳೆಯ ದೃಶ್ಯವೇ: ಕುರ್ಚಿಯ ಮೇಲೆ ತಲೆ ತಗ್ಗಿಸಿ ಕೂತ ಹುಡುಗ, ಪಕ್ಕದಲ್ಲಿ ನಿಂತು ಮಾತಾಡುವ ಅವ್ವ, ಅಪ್ಪ, ಕಾಕಾ. 'ಸಾಹೇಬ್ರ, ಇಂವ ಭಾಳ ಸಿಟ್ಟ ಮಾಡ್ತಾನ್ರಿ.' ಮನೋವೈದ್ಯಕೀಯದ ವಿದ್ಯಾರ್ಥಿಗಳಿಗೆ ಕೇಸ್ ಶೀಟು ಬರೆಯಲು ಕಲಿಸುವಾಗ ಮೇಲುಗಡೆಯೇ ಮಾಹಿತಿ ಕೊಟ್ಟವರು ಯಾರು, ರೋಗಿಗೆ ಏನಾಗಬೇಕು, ಅವರ ಮಾತು ಎಷ್ಟು ನಂಬಲರ್ಹ ಎಂದು ಬರೆಯಿಸುತ್ತಾರೆ. ಯಂಗ್ ಅವರ ಆಯೋಗ ಕೇಳಿದ ಪ್ರಶ್ನೆ ಹೀಗೆ ಸದ್ದಿಲ್ಲದೆ ಹಾಳೆಯ ಒಂದು ಸಾಲಾಗಿ ಕೂತಿದೆ. ಅದರ ಕೆಳಗೆ ದೂರುಗಳಿಗೆ ಎರಡು ಜಾಗ: ಕರೆತಂದವರು ಹೇಳಿದ್ದು, ರೋಗಿ ಹೇಳಿದ್ದು. ಮೊದಲನೆಯದು ಅರ್ಧ ಪುಟ ತುಂಬುತ್ತದೆ. ಎರಡನೆಯದರಲ್ಲಿ ಬಹಳ ಸಲ ಇರುವುದು ಎರಡೇ ಶಬ್ದ, 'ಏನೂ ಇಲ್ಲ'. ಗದ್ದಲದ ಹೊರರೋಗಿ ವಿಭಾಗದಲ್ಲಿ, ಬಾಗಿಲಾಚೆ ನಲವತ್ತು ಜನ ಪಾಳಿಯಲ್ಲಿ ನಿಂತಿರುವಾಗ, ಮನೆಯವರನ್ನು ಐದು ನಿಮಿಷ ಹೊರಗೆ ಕೂರಲು ಹೇಳಿ ಮತ್ತೊಮ್ಮೆ ಕೇಳುವವರೆಗೆ.